ಗ್ರಾನಡಾದಿಂದ ಅಲ್ಪುಹಾರ್ರಾ ಹಳ್ಳಿಗಳಿಗೆ ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಓದುಗರ ಪ್ರಶ್ನೆ: ಅಲ್‌ಹಂಬ್ರಾ ಅರಮನೆ ನೋಡೋಕೆ ಸ್ಪೇನಿನ ಗ್ರಾನಡಾಗೆ ಹೋಗ್ತಿದ್ದೀವಿ. ಅಲ್ಲಿಂದ ಅಲ್ಪುಹಾರ್ರಾದ ಬೆಟ್ಟದ ಹಳ್ಳಿಗಳಿಗೆ ಕಾರಿಲ್ಲದೆ ಹೋಗಿ ಸಂಜೆಗೆ ವಾಪಸ್ ಬರೋಕಾಗುತ್ತಾ?

ಆಗುತ್ತೆ. ಆದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ ಅಂತಲೇ ನಾನು ಹೇಳುವುದು. ಗ್ರಾನಡಾ ಬಸ್ ನಿಲ್ದಾಣದಿಂದ ನೇರ ಬಸ್ಸಿದೆ, ದಿನಕ್ಕೆ ಕೆಲವು ಮಾತ್ರ. ತಿರುವು ರಸ್ತೆ ಹತ್ತಿ ಮೇಲಿನ ಹಳ್ಳಿಗಳನ್ನು ಮುಟ್ಟೋಕೇ ಸುಮಾರು ಎರಡು ಗಂಟೆ ಬೇಕು. ಹೋಗಿ ಬರುವುದರಲ್ಲೇ ಅರ್ಧ ದಿನ ಕಳೆದರೆ ನಿಮಗೆ ಸಿಗುವುದು ಮಧ್ಯಾಹ್ನ ಮಾತ್ರ, ಆ ಹೊತ್ತಿನಲ್ಲಿ ಅಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ.

ಪೊಕೇಯ್ರಾ ಅನ್ನೋ ಕಣಿವೆಯಲ್ಲಿ ಮೂರು ಹಳ್ಳಿ, ಒಂದರ ಮೇಲೊಂದು. ಕೆಳಗೆ ಪಂಪನೇಯ್ರಾ, ನಡುವೆ ಬುಬಿಯೋನ್, ಮೇಲೆ ಸುಮಾರು 1,430 ಮೀಟರ್ ಎತ್ತರದಲ್ಲಿ ಕಪಿಲೇಯ್ರಾ. ಬೆನ್ನಿಗೆ ಸಿಯೆರಾ ನೆವಾಡಾ ಬೆಟ್ಟಸಾಲು. ಬಸ್ಸಿನಲ್ಲಿ ಕಪಿಲೇಯ್ರಾವರೆಗೂ ಹೋಗಿ ಅಲ್ಲಿಂದ ಕಾಲುದಾರಿ ಹಿಡಿದು ಇಳಿಯುತ್ತಾ ಬನ್ನಿ. ವಾಪಸ್ ಬಸ್ ಪಂಪನೇಯ್ರಾದಲ್ಲೇ ಸಿಗುತ್ತೆ.

ಅಲ್ಲಿ ಏನು ನೋಡಬೇಕು ಅಂದರೆ, ನೀರು ನೋಡಿ. ಪಂಪನೇಯ್ರಾದ ಕಡಿದಾದ ಓಣಿಯಲ್ಲಿ ಕಲ್ಲುಹಾಸಿನ ನಡುವೆ ಒಂದು ಸಣ್ಣ ಕಾಲುವೆ ಇದೆ, ಅದರಲ್ಲಿ ನೀರು ಹರಿಯುತ್ತಾ ಮನೆಗಳ ಮುಂದೆಯೇ ಇಳಿದು ಹೋಗುತ್ತೆ. ಊರಾಚೆ ಹೊಲಗಳಿಗೆ ನೀರು ಹಾಯಿಸುವ ಕಾಲುವೆಗಳಿಗೆ ಅಸೇಕಿಯಾ ಅನ್ನುತ್ತಾರೆ. ಇವು ಮುಸ್ಲಿಂ ಆಳ್ವಿಕೆಯ ಕಾಲದಲ್ಲಿ ಬೆಳೆದ ವ್ಯವಸ್ಥೆ. ಇನ್ನೂ ಮೇಲೆ, ಹಿಮ ಕರಗುವ ಕಡೆ, ಬೇರೆ ಥರದ ಕಾಲುವೆಗಳಿವೆ. ಅವು ನೀರನ್ನು ಹೊಲಕ್ಕೆ ಒಯ್ಯುವುದಿಲ್ಲ, ಬೇಕಂತಲೇ ಬೆಟ್ಟದ ಸಡಿಲ ನೆಲಕ್ಕೆ ಇಂಗಿಸುತ್ತವೆ! ವಸಂತದಲ್ಲಿ ಇಂಗಿದ ನೀರು ನಿಧಾನವಾಗಿ ನೆಲದೊಳಗೆ ಇಳಿದು, ಬೇಸಿಗೆಯಲ್ಲಿ ಕೆಳಗಿನ ಊರುಗಳ ಒರತೆಗಳಲ್ಲಿ ಉಕ್ಕುತ್ತೆ. ನೂರಾರು ವರ್ಷಗಳ ಹಿಂದೆಯೇ ಬೆಟ್ಟವನ್ನೇ ಕೆರೆ ಮಾಡಿಕೊಂಡಿದ್ದರು ಇಲ್ಲಿಯ ರೈತರು. ಇದನ್ನು ತಿಳಿದುಕೊಂಡು ಹೋದರೆ ಆ ಓಣಿಯ ಕಾಲುವೆ ಬೇರೆಯಾಗಿಯೇ ಕಾಣುತ್ತೆ.

ಈ ನೀರಿನ ಹಿಂದೆ ನೋವಿನ ಕಥೆಯೂ ಇದೆ. 1492ರಲ್ಲಿ ಗ್ರಾನಡಾ ಕ್ರೈಸ್ತ ದೊರೆಗಳ ಕೈಸೇರಿದ ಮೇಲೆ ಇಲ್ಲಿಯ ಮುಸ್ಲಿಮರನ್ನು ಬಲವಂತವಾಗಿ ಮತಾಂತರಿಸಿದರು. ಆಮೇಲೆ ಅರಬ್ಬಿ ಮಾತು, ಉಡುಪು ಎಲ್ಲದರ ಮೇಲೂ ನಿಷೇಧ ಬಂತು, 1568ರಲ್ಲಿ ಈ ಬೆಟ್ಟಗಳಲ್ಲಿ ದಂಗೆ ಎದ್ದಿತು. ಎರಡನೇ ಫಿಲಿಪ್ ದೊರೆ ಅದನ್ನು ಹತ್ತಿಕ್ಕಿ ಜನರನ್ನು ಊರು ಬಿಡಿಸಿದ, ಖಾಲಿಯಾದ ಮನೆಗಳಿಗೆ ಬೇರೆ ಕಡೆಯಿಂದ ಒಕ್ಕಲು ತಂದು ಕೂರಿಸಿದ. ಹೊಸಬರಿಗೆ ಕಾಲುವೆ ಕೆಲಸ ಕಲಿಸಲು ಊರಿಗೆ ಎರಡು ಹಳೇ ಕುಟುಂಬ ಉಳಿಸಿಕೊಂಡಿದ್ದರು ಅಂತ ಇಲ್ಲಿಯವರು ಹೇಳುತ್ತಾರೆ.

ಮನೆಗಳ ಚಾವಣಿ ಗಮನಿಸಿ. ದಕ್ಷಿಣ ಸ್ಪೇನಿನ ಬೇರೆ ಬಿಳಿ ಊರುಗಳಲ್ಲಿ ಕೆಂಪು ಹೆಂಚು ಜಾಸ್ತಿ, ಇಲ್ಲಿ ಚಪ್ಪಟೆ ಮಾಳಿಗೆ. ಮರದ ತೊಲೆ, ಅದರ ಮೇಲೆ ಕಲ್ಲು ಚಪ್ಪಡಿ, ಅದರ ಮೇಲೆ ಲಾವ್ನಾ ಅನ್ನೋ ಬೂದು ಬಣ್ಣದ ಜೇಡಿಮಣ್ಣು. ನೆನೆದಾಗ ಈ ಮಣ್ಣು ಬಿಗಿದುಕೊಂಡು ನೀರು ಒಳಗೆ ಬಿಡುವುದಿಲ್ಲ. ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಥಟ್ಟನೆ ಗುರುತು ಹತ್ತುತ್ತೆ. ಬುಬಿಯೋನ್‌ನಲ್ಲಿ ಇಂಥ ಒಂದು ಹಳೇ ಮನೆಯನ್ನು ಮ್ಯೂಸಿಯಂ ಮಾಡಿದ್ದಾರೆ, ಅದು ತೆರೆದಿರುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ.

ಕಣಿವೆಯ ಆಚೆ ಬದಿಯಲ್ಲಿ ಓ ಸೆಲ್ ಲಿಂಗ್ ಅನ್ನೋ ಟಿಬೆಟನ್ ಧ್ಯಾನ ಕೇಂದ್ರವಿದೆ. ಅದಕ್ಕೂ ನಮ್ಮ ಕರ್ನಾಟಕಕ್ಕೂ ನಂಟಿದೆ ಗೊತ್ತಾ? ಬುಬಿಯೋನ್‌ನಲ್ಲಿದ್ದ ದಂಪತಿಗೆ 1985ರಲ್ಲಿ ಹುಟ್ಟಿದ ಓಸೆಲ್ ಹಿತಾ ಅವರನ್ನು, ಈ ಕೇಂದ್ರದ ಹಿಂದಿದ್ದ ಗುರು ಲಾಮಾ ಯೇಶೆ ಅವರ ಪುನರ್ಜನ್ಮ ಎಂದು ದಲೈ ಲಾಮಾ ಗುರುತಿಸಿದರು. ಆ ಹುಡುಗ ಮುಂದೆ ಓದಿದ್ದು ನಮ್ಮ ಬೈಲಕುಪ್ಪೆಯ ಸೆರಾ ಮಠದಲ್ಲಿ.

ಊಟದ್ದು ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ಇಲ್ಲಿಯ ಹೆಸರುವಾಸಿ ತಟ್ಟೆಯಲ್ಲಿ ಹಂದಿಮಾಂಸವೇ ಮುಖ್ಯ. "ಪತಾತಾಸ್ ಅ ಲೋ ಪೋಬ್ರೆ" ಕೇಳಿ, ಆಲೂಗಡ್ಡೆ, ಈರುಳ್ಳಿ, ದಪ್ಪಮೆಣಸಿನಕಾಯಿಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನಕ್ಕೆ ಬೇಯಿಸಿರುತ್ತಾರೆ. ಜೊತೆಗೆ "ಸಿನ್ ಕಾರ್ನೆ, ಸಿನ್ ಹಮೋನ್" ಅನ್ನಿ, ಅಂದರೆ ಮಾಂಸವೂ ಬೇಡ, ಹಂದಿತೊಡೆಯೂ ಬೇಡ. ಬರೀ ಮಾಂಸ ಬೇಡ ಅಂದರೆ ಕೆಲವು ಕಡೆ ಹಮೋನ್ ಚೂರು ಉದುರಿಸಿಯೇ ಕೊಡುತ್ತಾರೆ.

ಏಪ್ರಿಲ್‌ನಿಂದ ಜೂನ್, ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯ ಕಾಲ. ಸಂಜೆ ಚಳಿ ಇರುತ್ತೆ, ಸ್ವೆಟರ್ ಇರಲಿ. ಓಣಿಗಳೆಲ್ಲ ಇಳಿಜಾರು ಕಲ್ಲುಹಾಸು, ಜಾರುವ ಚಪ್ಪಲಿ ಬೇಡವೇ ಬೇಡ. ಮಂಡಿ ನೋವಿರುವ ಹಿರಿಯರು ಜೊತೆಗಿದ್ದರೆ ಮೂರೂ ಹಳ್ಳಿ ಸುತ್ತುವ ಹಟ ಬಿಟ್ಟು ಪಂಪನೇಯ್ರಾದ ಚೌಕದ ಹತ್ತಿರವೇ ರೂಮ್ ಹಿಡಿಯಿರಿ.