ಪಾಸೌಟ್: ಮುಗಿಸಿದ್ದೋ, ಮೂರ್ಛೆ ಹೋದದ್ದೋ?

ಜೂನ್ ಬಂತೆಂದರೆ ಪುಣೆ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ರೆಸ್ಯೂಮೆಗಳ ಮಳೆ. ಮತ್ತೆ ಮತ್ತೆ ಅದೇ ಸಾಲು: ‘ಐ ಪಾಸ್ಡ್ ಔಟ್ ಇನ್ 2024’. ಇಲ್ಲಿನ ಐಟಿ ಪ್ರದೇಶ ಹಿಂಜವಡಿಯ ಎಚ್‌ಆರ್‌ಗೆ ಇದು ಸರಿಯಾಗಿಯೇ ಅರ್ಥವಾಗುತ್ತದೆ. ಅಮೆರಿಕದಲ್ಲಿ ಕೂತ ಮ್ಯಾನೇಜರ್ ಮಾತ್ರ ‘2024ರಲ್ಲಿ ನನಗೆ ಪ್ರಜ್ಞೆ ತಪ್ಪಿತು’ ಎಂದು ಓದಿಕೊಳ್ಳುತ್ತಾನೆ.

ಹಾಗಂತ ಇದು ನಾವು ಹುಟ್ಟಿಸಿದ್ದಲ್ಲ, ಪೂರ್ತಿ ತಪ್ಪೂ ಅಲ್ಲ. ಬ್ರಿಟಿಷ್ ಸೈನ್ಯದಲ್ಲಿ ತರಬೇತಿ ಮುಗಿಸಿದ ಕೆಡೆಟ್ ‘ಪಾಸ್ ಔಟ್’ ಆಗುತ್ತಾನೆ. ನಮ್ಮ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎಯಲ್ಲೂ ಅಷ್ಟೇ. ಮೂರು ವರ್ಷ, ಅಂದರೆ ಆರು ಟರ್ಮ್ ಮುಗಿಸಿದವರು ಖೇತ್ರಪಾಲ್ ಮೈದಾನದಲ್ಲಿ ಪಾಸಿಂಗ್ ಔಟ್ ಪೆರೇಡ್ ಮಾಡಿ, ‘ಅಂತಿಮ್ ಪಗ್’ ದಾಟಿ ಹೊರಬೀಳುತ್ತಾರೆ. 2025ರ ಮೇ 30ರಂದು ಹಾಗೆ ದಾಟಿದವರಲ್ಲಿ ಮೊದಲ ಬ್ಯಾಚಿನ 17 ಯುವತಿಯರೂ ಇದ್ದರು. ಇಲ್ಲಿ ‘ಔಟ್’ ಅಂದರೆ ನಿಜಕ್ಕೂ ಹೊರಗೆ.

ಪಗ್ ಅಂದರೆ ಹೆಜ್ಜೆ. ವಿಚಿತ್ರವೆಂದರೆ ಪಾಸ್ ಕೂಡ ಮೂಲದಲ್ಲಿ ಹೆಜ್ಜೆಯೇ! ಲ್ಯಾಟಿನ್ನಿನ ‘ಪಾಸ್ಸುಸ್’ ಫ್ರೆಂಚ್ ದಾರಿಯಾಗಿ ಇಂಗ್ಲಿಷಿಗೆ ಬಂತು. ‘ಪೇಸ್’ ಅದರ ಒಡಹುಟ್ಟು. ರೋಮನ್ನರ ಪಾಸ್ಸುಸ್ ನಮ್ಮ ಲೆಕ್ಕದಲ್ಲಿ ಎರಡು ಹೆಜ್ಜೆ: ಎತ್ತಿದ ಕಾಲು ಮತ್ತೆ ನೆಲ ಮುಟ್ಟಿ, ಇನ್ನೊಂದೂ ಮುಂದೆ ಊರುವಷ್ಟು ದೂರ, 5 ರೋಮನ್ ಅಡಿ, ಸುಮಾರು ಒಂದೂವರೆ ಮೀಟರ್. ಅಂಥ ಸಾವಿರಕ್ಕೆ ‘ಮಿಲ್ಲೆ ಪಾಸ್ಸುಸ್’. ನಮ್ಮ ಮೈಲಿ ಬಂದದ್ದು ಆ ಮಿಲ್ಲೆಯಿಂದ. ಪರೀಕ್ಷೆ ‘ಪಾಸಾಗುವುದು’ ಎಂದರೂ ಅದನ್ನು ದಾಟಿ ನಡೆಯುವುದೇ.

ಪರೀಕ್ಷೆಗೆ ಬರೀ ‘ಪಾಸ್ಡ್’ ಸಾಕು. ‘ಐ ಪಾಸ್ಡ್ ಔಟ್ ಮೈ ಎಕ್ಸಾಮ್’ ಯಾವ ದೇಶದ ಇಂಗ್ಲಿಷೂ ಅಲ್ಲ. ಔಟ್ ಆದಮೇಲೆ ಒಂದು ವಸ್ತುವಿನ ಹೆಸರು ಬಂತೋ, ಅರ್ಥ ‘ಹಂಚು’ ಎಂದಾಗುತ್ತದೆ. ಮೇಷ್ಟ್ರು ‘ಪಾಸ್ಡ್ ಔಟ್ ದ ಪೇಪರ್ಸ್’ ಅಂದರೆ ಪ್ರಶ್ನೆಪತ್ರಿಕೆ ಹಂಚಿದರು. ‘ದೆಮ್’ ಬಂದರೆ ಅದು ನಡುವೆ ಕೂರಬೇಕು: ‘ಪಾಸ್ಡ್ ದೆಮ್ ಔಟ್’.

ಡಿಗ್ರಿಗೆ ‘ಗ್ರಾಜುಯೇಟೆಡ್ ಫ್ರಮ್’ ಎಂದು ಬರೆಯಿರಿ, ‘ಫ್ರಮ್’ ಬಿಡಬೇಡಿ. ಬ್ಯಾಕ್‌ಲಾಗ್ ಉಳಿಸಿಕೊಂಡು ಕೊನೆಯ ಸೆಮಿಸ್ಟರ್ ಮುಗಿಸಿದ ವರ್ಷವೇ ಬೇರೆ, ಅದನ್ನು ತೀರಿಸಿ ಡಿಗ್ರಿ ಪಡೆದ ವರ್ಷವೇ ಬೇರೆ. ‘2023 ಪಾಸೌಟ್’ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ, ದಾಖಲೆ ಪರಿಶೀಲನೆಯ ದಿನ ಅಲ್ಲೇ ಪೇಚಾಟ. ಮನೆಯಲ್ಲಿ ‘ಮಗಳು ಪಾಸೌಟ್ ಆದಳು’ ಅನ್ನಿ, ಅಡ್ಡಿಯಿಲ್ಲ, ಅದೀಗ ಕನ್ನಡವೇ.

ಇದಕ್ಕಿಂತ ಅಪಾಯದ್ದು ‘ಪಾಸ್ ಆನ್’. ಆಫೀಸಿನಲ್ಲಿ ಎಲ್ಲರೂ ಬಳಸುವುದು ‘ದಾಟಿಸು’ ಎಂಬ ಅರ್ಥಕ್ಕೆ. ಆದರೆ ‘ಶಿ ಪಾಸ್ಡ್ ಆನ್ ದ ಆಫರ್’ ಅಂದರೆ ಸಾಮಾನ್ಯವಾಗಿ ಆಕೆ ಬೇಡವೆಂದಳು ಎಂದೇ. ‘ಪಾಸ್ಡ್ ದ ಆಫರ್ ಆನ್ ಟು ರಮೇಶ್’ ಅಂದರೆ ಮಾತ್ರ ರಮೇಶನಿಗೆ ತಲುಪಿಸಿದಳು. ಏನೂ ಸೇರಿಸದೆ ‘ಶಿ ಪಾಸ್ಡ್ ಆನ್’ ಎಂದು ನಿಲ್ಲಿಸಿದಿರೋ, ಸಂತಾಪದ ಉತ್ತರಗಳು ಶುರು.