ಡಿಷ್ ತೆಗೆಸಿ ಸ್ಟ್ರೀಮಿಂಗ್‌ಗೆ ಬಂದರೆ ನಿಜವಾಗಿ ದುಡ್ಡು ಉಳಿಯುತ್ತಾ?

ಪ್ರಶ್ನೆ: ನಮ್ಮ ಮನೆಯ ಡಿಷ್ ಬಿಲ್ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ಚಾನೆಲ್ ನೂರಾರು ಬರುತ್ತವೆ, ನೋಡುವುದು ನಾಲ್ಕೈದು. ಎಲ್ಲ ತೆಗೆಸಿ ಸ್ಟ್ರೀಮಿಂಗ್ ಆ್ಯಪ್‌ಗಳನ್ನೇ ಇಟ್ಟುಕೊಳ್ಳೋಣ ಅಂತ ನಾನು. "ಸುಮ್ನೆ ಇರಿ, ಕೊನೆಗೆ ಅದಕ್ಕೂ ಅಷ್ಟೇ ಖರ್ಚಾಗುತ್ತೆ" ಅಂತ ಮನೆಯವರು. ಯಾರು ಹೇಳುವುದು ಸರಿ?

ಉತ್ತರ: ಇಬ್ಬರೂ ಹೇಳುವುದು ಸರಿ. ನನಗೆ ಎರಡೂ ಆಗಿದೆ. ಮೊದಲು ಕಳೆದುಕೊಂಡೆ, ಆಮೇಲೆ ಉಳಿಸಿದೆ.

ದೊಡ್ಡ ಪ್ಯಾಕ್ ನಿಲ್ಲಿಸಿದ ದಿನ ಗೆದ್ದೆ ಅಂದುಕೊಂಡಿದ್ದೆ. ಆಮೇಲೆ ಮಕ್ಕಳಿಗೆ ಅಂತ ಒಂದು ಆ್ಯಪ್ ಬಂತು. ಮ್ಯಾಚ್ ನೋಡೋಕೆ ಇನ್ನೊಂದು. ಆಫೀಸಿನಲ್ಲಿ ಎಲ್ಲರೂ ಮಾತಾಡುತ್ತಿದ್ದ ಸೀರೀಸ್ ಮತ್ತೆಲ್ಲೋ ಇತ್ತು, ಅದಕ್ಕೊಂದು. ಹೀಗೇ ಸೇರುತ್ತಾ ಹೋಯಿತು. ಮೂರನೇ ತಿಂಗಳು ಬ್ಯಾಂಕ್ ಸ್ಟೇಟ್‌ಮೆಂಟ್ ಹರಡಿಕೊಂಡು ಪೆನ್ನಿನಲ್ಲಿ ಗುರುತು ಹಾಕುತ್ತಾ ಕೂತೆ. ಐದು ಕಡೆ ಚಿಕ್ಕ ಚಿಕ್ಕ ಮೊತ್ತ ಹೋಗಿತ್ತು. ಜತೆಗೆ ಇಂಟರ್ನೆಟ್ ಪ್ಲಾನ್ ಬೇರೆ ದೊಡ್ಡದು ಮಾಡಿಸಿದ್ದೆ. ಎಲ್ಲ ಕೂಡಿಸಿದರೆ ಹಳೇ ಡಿಷ್ ಬಿಲ್ ದಾಟಿತ್ತು! ಒಂದು ದೊಡ್ಡ ಬಿಲ್ ಬಂದರೆ ಹೊಟ್ಟೆ ಉರಿಯುತ್ತದೆ. ಅದೇ ದುಡ್ಡು ಐದು ಚೂರಾಗಿ ಹೋದರೆ ಗೊತ್ತೇ ಆಗುವುದಿಲ್ಲ.

ಅಂದರೆ ನಾನು ಮಾಡಿದ್ದು ಇಷ್ಟೇ. ಡಿಷ್‌ನವರು ಕಟ್ಟಿಕೊಟ್ಟಿದ್ದ ಮೂಟೆಯನ್ನು ಬಿಚ್ಚಿ, ನಾನೇ ಕೈಯಾರೆ ಮತ್ತೊಂದು ಮೂಟೆ ಕಟ್ಟಿದ್ದೆ.

ಮೊದಲು ಹೀಗಿರಲಿಲ್ಲ. ಡಿವಿಡಿ ಬಾಡಿಗೆಗೆ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2007ರಲ್ಲಿ ಸ್ಟ್ರೀಮಿಂಗ್ ಶುರು ಮಾಡಿತು. ಸ್ವಲ್ಪ ಕಾಲ ಬೇರೆ ಬೇರೆ ಸ್ಟುಡಿಯೋಗಳ ಸರಕು ಅಲ್ಲೇ ಒಟ್ಟಿಗೆ ಸಿಗುತ್ತಿತ್ತು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಸರಕನ್ನು ವಾಪಸ್ ತಗೊಂಡು ಸ್ವಂತ ಅಂಗಡಿ ತೆರೆದರು. ಡಿಸ್ನಿ 2019ರಲ್ಲಿ ತನ್ನದೇ ಸೇವೆ ತಂದಿತು. ನೆಟ್‌ಫ್ಲಿಕ್ಸ್ 2022ರಲ್ಲಿ ಜಾಹೀರಾತು ಇರುವ ಅಗ್ಗದ ಪ್ಲಾನ್ ಶುರು ಮಾಡಿತು, 2023ರಲ್ಲಿ ಬೇರೆ ಮನೆಯವರ ಜತೆ ಪಾಸ್‌ವರ್ಡ್ ಹಂಚಿಕೊಳ್ಳುವುದಕ್ಕೆ ಹಲವು ದೇಶಗಳಲ್ಲಿ ಕಡಿವಾಣ ಹಾಕಿತು. ಜಾಹೀರಾತು ಬೇಡ ಅಂತಲೇ ಅಲ್ವಾ ನಾವೆಲ್ಲ ಟಿವಿ ಬಿಟ್ಟು ಬಂದಿದ್ದು? ಅದೂ ಹಿಂದೆಯೇ ಬಂತು.

ಹಾಗಾದರೆ ಉಳಿತಾಯ ಎಲ್ಲಿದೆ? ಸ್ಟ್ರೀಮಿಂಗ್ ಅಗ್ಗ ಅನ್ನುವುದಕ್ಕಿಂತ, ಅದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು ಅನ್ನುವುದರಲ್ಲಿದೆ. ಡಿಷ್ ನಿಲ್ಲಿಸಬೇಕಾದರೆ ಫೋನ್ ಮಾಡಬೇಕು, ಕಾಯಬೇಕು, ಬಾಕ್ಸ್ ಮರಳಿಸಬೇಕು, ಕೆಲವು ಕಡೆ ಒಪ್ಪಂದದ ಅವಧಿ ಮುಗಿಯುವ ತನಕ ಬಿಡುವುದೇ ಇಲ್ಲ. ತಿಂಗಳ ಲೆಕ್ಕದ ಸ್ಟ್ರೀಮಿಂಗ್ ಚಂದಾ ಸಾಮಾನ್ಯವಾಗಿ ನಾಲ್ಕು ಸಲ ಬೆರಳು ಒತ್ತಿದರೆ ನಿಲ್ಲುತ್ತದೆ. ಹೀಗಿದ್ದೂ ನಾವು ನಿಲ್ಲಿಸುವುದಿಲ್ಲ. "ಇರಲಿ ಬಿಡು, ಮುಂದಿನ ವಾರ ನೋಡೋಣ" ಅಂದುಕೊಂಡು ವರ್ಷ ಕಳೆಯುತ್ತೇವೆ. ಆ ಕಂಪನಿಗಳು ನಿಂತಿರುವುದೇ ಈ "ಇರಲಿ ಬಿಡು" ಮೇಲೆ ಅಂತ ನನಗೆ ಅನುಮಾನ.

ಈಗ ನಮ್ಮ ಮನೆಯಲ್ಲಿ ಒಂದು ಹೊತ್ತಿಗೆ ಒಂದೇ ಆ್ಯಪ್. ಹೆಚ್ಚೆಂದರೆ ಎರಡು. ಒಂದು ತಿಂಗಳು ಒಂದಕ್ಕೆ ದುಡ್ಡು ಕಟ್ಟಿ, ಅಲ್ಲಿ ನೋಡಬೇಕಾದ್ದನ್ನೆಲ್ಲ ನೋಡಿ ಮುಗಿಸಿ, ಮುಂದಿನ ತಿಂಗಳು ಇನ್ನೊಂದಕ್ಕೆ ಹೋಗುತ್ತೇವೆ. ಸೀರೀಸ್ ಎಲ್ಲೂ ಓಡಿಹೋಗುವುದಿಲ್ಲ. ವಾರಕ್ಕೊಂದು ಕಂತು ಬರುವಂಥದ್ದಾದರೆ ಪೂರ್ತಿ ಬಂದ ಮೇಲೆ ಒಂದೇ ತಿಂಗಳಲ್ಲಿ ನೋಡಬಹುದು. ಇನ್ನೊಂದು ಕೆಲಸ ಮಾಡುತ್ತೇನೆ: ಚಂದಾ ಕಟ್ಟಿದ ದಿನವೇ ಅದನ್ನು ರದ್ದು ಮಾಡಿಬಿಡುತ್ತೇನೆ. ಹೆಚ್ಚಿನ ಸೇವೆಗಳಲ್ಲಿ ರದ್ದು ಮಾಡಿದರೂ ದುಡ್ಡು ಕಟ್ಟಿದ ಅವಧಿ ಮುಗಿಯುವ ತನಕ ನೋಡಬಹುದು. ಆಮೇಲೆ ಅದಾಗಿಯೇ ನಿಲ್ಲುತ್ತದೆ. ಮತ್ತೆ ಬೇಕೆಂದರೆ ನಾನೇ ಕೈಯಿಂದ ಕಟ್ಟಬೇಕು. ಆಗ "ನಿಜಕ್ಕೂ ಬೇಕಾ?" ಅಂತ ಒಂದು ಸಲ ಯೋಚನೆ ಬಂದೇ ಬರುತ್ತದೆ.

ಹೀಗೆ ಬದಲಾಯಿಸುತ್ತಾ ಹೋಗುವವರಿಗೆ ವರ್ಷದ ಪ್ಲಾನ್ ಸರಿಹೋಗುವುದಿಲ್ಲ, ಎಷ್ಟೇ ರಿಯಾಯಿತಿ ತೋರಿಸಲಿ. ವರ್ಷವಿಡೀ ದಿನಾ ತೆರೆಯುವ ಆ್ಯಪ್ ಒಂದಿದ್ದರೆ ಅದಕ್ಕೆ ಮಾತ್ರ ಸರಿ.

ಇನ್ನೊಂದು ವಿಷಯ ನಾನು ದುಡ್ಡು ಕಳೆದುಕೊಂಡು ಕಲಿತದ್ದು. ಟಿವಿಯಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ! ಒಂದು ಆ್ಯಪ್ ಅಳಿಸಿ ನಾಲ್ಕು ತಿಂಗಳು ನೆಮ್ಮದಿಯಾಗಿದ್ದೆ. ದುಡ್ಡು ಮಾತ್ರ ತಪ್ಪದೆ ಹೋಗುತ್ತಲೇ ಇತ್ತು. ಚಂದಾ ಇರುವುದು ನಿಮ್ಮ ಖಾತೆಯಲ್ಲಿ. ಅಲ್ಲಿ ಹೋಗಿ ರದ್ದು ಮಾಡಬೇಕು. ಫೋನಿನ ಆ್ಯಪ್ ಸ್ಟೋರ್ ಮೂಲಕ ಕಟ್ಟಿದ್ದರೆ ಆ ಸ್ಟೋರ್‌ನ ಚಂದಾ ಪಟ್ಟಿಯಲ್ಲಿ ಹುಡುಕಬೇಕು.

ಇನ್ನು ಇಂಟರ್ನೆಟ್. ಜನ ಲೆಕ್ಕ ತಪ್ಪುವುದು ಇಲ್ಲಿ.

ಡಿಷ್ ಅಂದರೆ ಮೈಕ್ ಹಿಡಿದು ಕೂಗಿದ ಹಾಗೆ. ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹ ಒಂದೇ ಸಲ ಕೂಗುತ್ತದೆ. ಕೇಳಿಸಿಕೊಳ್ಳುವವರು ಹತ್ತು ಜನ ಇದ್ದರೂ ಕೋಟಿ ಜನ ಇದ್ದರೂ ಅದಕ್ಕೆ ವ್ಯತ್ಯಾಸವಿಲ್ಲ. ಸ್ಟ್ರೀಮಿಂಗ್ ಹಾಗಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ ಫೋನ್ ಮಾಡಿ ಹೇಳಿದ ಹಾಗೆ. ಟಿವಿ ಹಾಕಿದಾಗಲೆಲ್ಲ ನಿಮ್ಮ ಪಾಲಿನ ಡೇಟಾ ನಿಮ್ಮ ಲೈನ್‌ನಲ್ಲೇ ಹರಿದು ಬರಬೇಕು.

ಎಷ್ಟು ಬೇಕು? ನೆಟ್‌ಫ್ಲಿಕ್ಸ್ ತಾನೇ ಹೇಳುವ ಪ್ರಕಾರ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಡೇಟಾ ಬರುತ್ತದೆ ಅನ್ನುವ ಅಳತೆ), ಅದಕ್ಕಿಂತ ಸ್ಪಷ್ಟವಾದ 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ವೇಗ ಇದ್ದರೆ ಸಾಕು. ಡೇಟಾ ಲೆಕ್ಕದಲ್ಲಿ ಎಚ್‌ಡಿಗೆ ಗಂಟೆಗೆ 3 ಜಿಬಿ, 4ಕೆಗೆ ಗಂಟೆಗೆ 7 ಜಿಬಿ ತನಕ ಹೋಗಬಹುದು. ದಿನಕ್ಕೆ ಮೂರು ಗಂಟೆ ಎಚ್‌ಡಿ ನೋಡಿದರೆ ತಿಂಗಳಿಗೆ 270 ಜಿಬಿ. 4ಕೆ ಆದರೆ 630 ಜಿಬಿ. ಎರಡು ಟಿವಿ ಇದ್ದರೆ ದುಪ್ಪಟ್ಟು. ನಿಮ್ಮ ಪ್ಲಾನ್‌ಗೆ ತಿಂಗಳ ಮಿತಿ ಏನಾದರೂ ಇದೆಯಾ ಅಂತ ಡಿಷ್ ತೆಗೆಸುವ ಮೊದಲೇ ನೋಡಿ. 'ಅನ್‌ಲಿಮಿಟೆಡ್' ಅಂತ ಬರೆದಿದ್ದರೂ ಒಂದು ಮಿತಿ ದಾಟಿದ ಮೇಲೆ ವೇಗ ಇಳಿಸುವ ಪ್ಲಾನ್‌ಗಳಿವೆ. ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಅದನ್ನೇ ಮೊದಲು ಓದಿ.

ಈ ಲೆಕ್ಕದಲ್ಲೇ ಗಮನಿಸಿ, ವೇಗ ಅಷ್ಟೇನೂ ಬೇಡ. ಒಂದೇ ಸಲಕ್ಕೆ ಮೂರು ಟಿವಿಯಲ್ಲಿ 4ಕೆ ಓಡಿಸಿದರೂ 45 ಎಂಬಿಪಿಎಸ್. ಸ್ಟ್ರೀಮಿಂಗ್‌ಗೆ ಅಂತ 300, 500 ಎಂಬಿಪಿಎಸ್‌ನ ಪ್ಲಾನ್ ತಗೊಳ್ಳಿ ಅಂದರೆ ನಂಬಬೇಡಿ. ಚಿತ್ರ ತಡವರಿಸುತ್ತಿದ್ದರೆ ತಪ್ಪು ಬಹಳ ಸಲ ಲೈನಿನದಲ್ಲ, ವೈ-ಫೈನದು. ನಮ್ಮಲ್ಲಿ ರೌಟರ್ ಕಣ್ಣಿಗೆ ಚೆನ್ನಾಗಿ ಕಾಣಲ್ಲ ಅಂತ ಕಬ್ಬಿಣದ ಬೀರುವಿನ ಹಿಂದೆ ಇಟ್ಟಿದ್ದರು. ರಾತ್ರಿ ಒಂಬತ್ತಾದರೆ ಟಿವಿ ಮೇಲೆ ಆ ದುಂಡನೆಯ ಚಕ್ರ ತಿರುಗೋಕೆ ಶುರು. ನಾನು ಕಂಪನಿಗೆ ಮೂರು ಸಲ ಫೋನ್ ಮಾಡಿ ಜಗಳ ಆಡಿದ್ದೆ. ಕೊನೆಗೆ ರೌಟರ್ ಅನ್ನು ಬೀರುವಿನ ಮೇಲಕ್ಕೆ ಎತ್ತಿಟ್ಟೆ. ಚಕ್ರ ನಿಂತಿತು. ಜಗಳದ ಬಗ್ಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಟಿವಿ ಪಕ್ಕದಲ್ಲೇ ರೌಟರ್ ಇದ್ದರೆ ವೈ-ಫೈ ತಂಟೆಯೇ ಬೇಡ, ಒಂದು ಲ್ಯಾನ್ ಕೇಬಲ್ ಚುಚ್ಚಿಬಿಡಿ.

ಅಂದಹಾಗೆ, ನೋಡುತ್ತಿರುವಾಗ ಚಿತ್ರ ಮಸುಕಾಗಿ ಮತ್ತೆ ತಿಳಿಯಾಗುತ್ತದಲ್ಲ, ಅದು ಟಿವಿ ಕೆಟ್ಟಿದ್ದಲ್ಲ. ಒಂದೇ ಸಿನಿಮಾವನ್ನು ಹಲವು ಗುಣಮಟ್ಟದಲ್ಲಿ ಮಾಡಿ, ಕೆಲವೇ ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಇಟ್ಟಿರುತ್ತಾರೆ. ಆ್ಯಪ್ ನಿಮ್ಮ ಲೈನಿನ ವೇಗ ಅಳೆಯುತ್ತಾ, ಮುಂದಿನ ತುಣುಕು ಯಾವ ಗುಣಮಟ್ಟದ್ದು ಬೇಕು ಅಂತ ಆರಿಸಿಕೊಳ್ಳುತ್ತದೆ. ವೇಗ ಇಳಿದರೆ ಮಸುಕು ತುಣುಕು. ನಿಂತುಹೋಗುವುದಕ್ಕಿಂತ ಮಸುಕಾಗುವುದು ವಾಸಿ ಅನ್ನುವ ಲೆಕ್ಕ.

ಇದೇ ತುಣುಕುಗಳಿಂದ ಇನ್ನೊಂದು ತೊಂದರೆ ಇದೆ. ಮ್ಯಾಚ್ ನೋಡುವವರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ.

ಉಪಗ್ರಹಕ್ಕೆ ಹೋಗಿ ವಾಪಸ್ ಬರುವುದು ಸುಮಾರು 72 ಸಾವಿರ ಕಿಲೋಮೀಟರ್ ದಾರಿ. ಆದರೂ ಸಿಗ್ನಲ್‌ಗೆ ಅದು ಕಾಲು ಸೆಕೆಂಡಿನ ಕೆಲಸ. ಸ್ಟ್ರೀಮಿಂಗ್‌ನಲ್ಲಿ ದಾರಿ ಕಡಿಮೆ, ಕಾಯುವುದು ಜಾಸ್ತಿ. ಹೀಗೆ ತುಣುಕು ತುಣುಕಾಗಿ ವಿಡಿಯೋ ಕಳಿಸುವುದಕ್ಕೆ ಹೆಚ್ಚು ಬಳಕೆಯಲ್ಲಿರುವ ಎಚ್‌ಎಲ್‌ಎಸ್ ಅನ್ನುವ ವಿಧಾನವನ್ನು ಆಪಲ್ 2009ರಲ್ಲಿ ತಂದಿತು. ಅದರಲ್ಲಿ ಒಂದು ತುಣುಕು ಸುಮಾರು 6 ಸೆಕೆಂಡ್ ಇರಲಿ ಅಂತ ಆಪಲ್‌ನ ಸಲಹೆ. ಲೈನ್ ಏರುಪೇರಾದರೆ ನಿಲ್ಲಬಾರದು ಅಂತ ಆ್ಯಪ್ ಎರಡು ಮೂರು ತುಣುಕು ಮೊದಲೇ ಕೂಡಿಟ್ಟುಕೊಂಡು ಆಮೇಲೆ ಆಡಿಸುತ್ತದೆ. ಅಲ್ಲಿಗೆ ನೀವು ಮೈದಾನಕ್ಕಿಂತ ಇಪ್ಪತ್ತು, ಮೂವತ್ತು ಸೆಕೆಂಡ್ ಹಿಂದೆ. ಈ ಅಂತರ ಕಡಿಮೆ ಮಾಡುವ ಹೊಸ ವಿಧಾನಗಳು ಬಂದಿವೆ, ಆದರೆ ಎಲ್ಲ ಕಡೆ ಇಲ್ಲ.

ಇದರ ಕಷ್ಟ ಏನು ಅಂತ ನನಗೆ ಒಂದು ಫೈನಲ್ ದಿನ ಗೊತ್ತಾಯಿತು. ಕೊನೆಯ ನಿಮಿಷಗಳು. ನಾವು ಸೋಫಾದ ತುದಿಗೆ ಬಂದು ಕೂತಿದ್ದೇವೆ. ಪಕ್ಕದ ಮನೆಯಲ್ಲಿ ಡಿಷ್ ಇದೆ. ನಮ್ಮ ಟಿವಿಯಲ್ಲಿ ಇನ್ನೂ ಚೆಂಡು ಮೈದಾನದ ಮಧ್ಯದಲ್ಲಿದೆ, ಗೋಡೆಯಾಚೆ "ಹೋ!" ಅಂತ ಕೂಗು ಎದ್ದಿತು. ಆಮೇಲಿನ ಅರ್ಧ ನಿಮಿಷ ನಾವು ಮ್ಯಾಚ್ ನೋಡಲಿಲ್ಲ, ಆಗಿಹೋದ ಗೋಲು ಯಾವಾಗ ನಮ್ಮನೆಗೆ ಬರುತ್ತೆ ಅಂತ ಕಾದೆವು. ಆಟಕ್ಕೋಸ್ಕರವೇ ಡಿಷ್ ಇಟ್ಟುಕೊಂಡ ಮನೆ ನಿಮ್ಮದಾದರೆ ಪೂರ್ತಿ ತೆಗೆಸಬೇಡಿ. ಅದೂ ಅಲ್ಲದೆ ಆಟದ ಪ್ರಸಾರದ ಹಕ್ಕು ಈ ವರ್ಷ ಒಬ್ಬರ ಕೈಯಲ್ಲಿದ್ದರೆ ಮುಂದೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಒಂದೇ ಆಟದ ಬೇರೆ ಬೇರೆ ಟೂರ್ನಿಗಳು ಬೇರೆ ಬೇರೆ ಆ್ಯಪ್‌ನಲ್ಲಿರುವುದೂ ಉಂಟು. ಆಟದ ಹುಚ್ಚು ಇರುವವರಿಗೆ ಸ್ಟ್ರೀಮಿಂಗ್ ಅಗ್ಗ ಅಂತ ನಾನಂತೂ ಹೇಳಲಾರೆ.

ಡಿಷ್‌ಗೂ ಅದರದೇ ಕಷ್ಟ ಇದೆ ಅನ್ನಿ. ಜೋರು ಮಳೆ ಬಂದರೆ ಹನಿಗಳು ಸಿಗ್ನಲ್ ಹೀರಿಕೊಂಡುಬಿಡುತ್ತವೆ, ಚಿತ್ರ ಚೌಕ ಚೌಕವಾಗಿ ಒಡೆದು ಮಾಯ.

ಸುದ್ದಿ ಅಷ್ಟೇ ಬೇಕು ಅನ್ನುವವರು ಹೆದರಬೇಕಿಲ್ಲ. ಎಷ್ಟೋ ಸುದ್ದಿ ವಾಹಿನಿಗಳು ಯೂಟ್ಯೂಬ್‌ನಲ್ಲೋ ತಮ್ಮದೇ ಆ್ಯಪ್‌ನಲ್ಲೋ ಪುಕ್ಕಟೆ ನೇರ ಪ್ರಸಾರ ಕೊಡುತ್ತವೆ. ನೀವಿರುವ ಕಡೆ ಆಂಟೆನಾಗೆ ಡಿಜಿಟಲ್ ಚಾನೆಲ್ ಸಿಗುತ್ತಿದ್ದರೆ ಅದಕ್ಕೂ ತಿಂಗಳ ಬಿಲ್ ಇಲ್ಲ.

ಹೊಸ ಟಿವಿ? ಬೇಡ. ಎಚ್‌ಡಿಎಂಐ ಜಾಗ ಇರುವ ಹಳೇ ಟಿವಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ (ಆ್ಯಪ್‌ಗಳನ್ನು ಟಿವಿಯಲ್ಲಿ ಓಡಿಸುವ ಚಿಕ್ಕ ಕಡ್ಡಿ) ಚುಚ್ಚಿದರೆ ಆಯಿತು. ಅದಕ್ಕೆ ಕರೆಂಟನ್ನು ಟಿವಿಯ ಯುಎಸ್‌ಬಿಯಿಂದ ಕೊಡಬೇಡಿ, ಸಾಲದೆ ಆಗಾಗ ಆಫ್ ಆಗಿ ಆನ್ ಆಗಬಹುದು. ಜತೆಗೆ ಬರುವ ಅಡಾಪ್ಟರ್ ಹಾಕಿ. ಸ್ಮಾರ್ಟ್ ಟಿವಿ ಹಳೆಯದಾದಾಗ ಆ್ಯಪ್‌ಗಳು ಒಂದೊಂದಾಗಿ ಕೈಕೊಡುತ್ತವೆ, ಆಗಲೂ ಇದೇ ಮದ್ದು.

ಈಗ ನಿಮ್ಮ ಪ್ರಶ್ನೆಗೆ ನಿಮ್ಮ ಮನೆಯ ಉತ್ತರ ಬೇಕಲ್ವಾ? ಒಂದು ವಾರ ಟಿವಿ ಪಕ್ಕ ಒಂದು ಹಾಳೆ, ಪೆನ್ನು ಇಡಿ. ಯಾರು ಏನು ನೋಡಿದರೂ ಬರೆಯಲಿ. ಆ ಪಟ್ಟಿಯಲ್ಲಿ ನೇರ ಪ್ರಸಾರದಲ್ಲೇ ನೋಡಬೇಕಾದ್ದು ಎಷ್ಟು, ಯಾವಾಗ ನೋಡಿದರೂ ಆಗುವುದು ಎಷ್ಟು ಅಂತ ಎಣಿಸಿ. ಎರಡನೆಯದೇ ಜಾಸ್ತಿ ಇದ್ದರೆ ಬದಲಾಯಿಸಿದ್ದು ಲಾಭ. ಆದರೂ ಡಿಷ್ ತಕ್ಷಣ ರದ್ದು ಮಾಡಬೇಡಿ. ಬಾಕ್ಸ್ ಕಳಚಿ ಒಂದು ತಿಂಗಳು ಬೀರುವಿನಲ್ಲಿಡಿ. ಯಾರೂ ಕೇಳದಿದ್ದರೆ ಆಮೇಲೆ ಮರಳಿಸಿ, ಮರಳಿಸಿದ್ದಕ್ಕೆ ರಸೀದಿ ಮರೆಯದೆ ತಗೊಳ್ಳಿ.

ನಮ್ಮ ಮನೆಯಲ್ಲಿ ತಿಂಗಳು ಕಾಯಬೇಕಾಗಲಿಲ್ಲ. ಮೂರನೇ ದಿನವೇ ಅಮ್ಮ ಕೇಳಿದರು, "ಆ ಡಬ್ಬಿ ಎಲ್ಲೋ?" ಆ್ಯಪ್ ತೆರೆಯುವುದು, ಪ್ರೊಫೈಲ್ ಆರಿಸುವುದು, ಹೆಸರು ಹುಡುಕುವುದು, ಎಲ್ಲ ತೋರಿಸಿಕೊಟ್ಟೆ. ಕಲಿತರು ಕೂಡ. ಆದರೆ ಅವರಿಗೆ ಏನನ್ನೋ ಆರಿಸಿ ನೋಡಬೇಕು ಅಂತ ಇರಲೇ ಇಲ್ಲ. ರಿಮೋಟ್‌ನಲ್ಲಿ ಒಂದು ನಂಬರ್ ಒತ್ತಿದರೆ ಟಿವಿ ತಾನೇ ಮಾತಾಡುತ್ತಿರಬೇಕು, ಅಷ್ಟೇ. ಅವರ ಕೋಣೆಗೆ ಎಲ್ಲಕ್ಕಿಂತ ಚಿಕ್ಕ ಪ್ಯಾಕ್ ಹಾಕಿಸಿ ಡಬ್ಬಿ ವಾಪಸ್ ಜೋಡಿಸಿದೆ. ಅದು, ತಿಂಗಳಿಗೊಂದು ಆ್ಯಪ್, ಹಳೇ ವೇಗದ್ದೇ ಇಂಟರ್ನೆಟ್, ಮೂರೂ ಸೇರಿ ಈಗ ಹಳೇ ಖರ್ಚಿಗಿಂತ ಚೆನ್ನಾಗಿಯೇ ಕಡಿಮೆ.

ರಾತ್ರಿ ಅಮ್ಮ ಟಿವಿ ಮುಂದೆಯೇ ನಿದ್ದೆ ಹೋಗಿರುತ್ತಾರೆ. ಮೆಲ್ಲಗೆ ಹೋಗಿ ಆಫ್ ಮಾಡಿದರೆ ಕಣ್ಣು ಬಿಡದೆಯೇ ಅನ್ನುತ್ತಾರೆ, "ಹಾಕೋ, ನೋಡ್ತಿದ್ದೆ."