ಮೆಟಲ್ ಬಾಡಿ ಅಲ್ವಾ, ನೀರು ಹೆಂಗೆ ಹೋಯ್ತು?

ಜೂನ್‌ನಿಂದ ಸೆಪ್ಟೆಂಬರ್ ತನಕ ನನ್ನ ಮೇಜಿಗೆ ಬರುವ ಸ್ಮಾರ್ಟ್‌ವಾಚುಗಳಿಗೆ ಹೆಚ್ಚುಕಮ್ಮಿ ಒಂದೇ ಕಾಯಿಲೆ. ಗಾಜಿನ ಒಳಗೆ ಮಂಜು. ತಂದವರ ಬಾಯಲ್ಲೂ ಒಂದೇ ಮಾತು. ‘ಮೆಟಲ್ ಬಾಡಿ ಅಲ್ವಾ, ನೀರು ಹೆಂಗೆ ಹೋಯ್ತು?’

ಶಿವಮೊಗ್ಗದ ದುರ್ಗಿಗುಡಿಯಲ್ಲಿ ವಾಚು, ಮೊಬೈಲು ಬಿಚ್ಚಿಕೊಂಡು ಕೂತವನು ನಾನು. ಈ ಪ್ರಶ್ನೆಗೆ ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಗಂಟಲು ಒಣಗಿದೆ. ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸೋಣ ಅಂತಿದ್ದೆ. ಬರೆಯಲು ಕೂತರೆ ಒಂದು ಹಾಳೆಗೆ ಮುಗಿಯುವ ಮಾತಲ್ಲ.

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಹೆಗ್ಡೆಯವರೊಬ್ಬರು ಬಂದರು. ಅಡಿಕೆ ತೋಟದವರು. ಕರವಸ್ತ್ರದಲ್ಲಿ ಸುತ್ತಿ ತಂದಿದ್ದ ವಾಚನ್ನು ಮೇಜಿನ ಮೇಲಿಟ್ಟರು. ಮಗಳು ಬೆಂಗಳೂರಿನಿಂದ ಕಳಿಸಿದ್ದಂತೆ. ಬೆಲೆ ಎರಡು ಸಾವಿರದ ಚಿಲ್ಲರೆ. ಪ್ಲಾಸ್ಟಿಕ್ ಬಾಡಿಯದ್ದು ಬೇಡ ಅಂತ ನಾನ್ನೂರು ರೂಪಾಯಿ ಜಾಸ್ತಿ ಕೊಟ್ಟು ಮೆಟಲ್ಲೇ ತಗೊಂಡಿದ್ದಾಳೆ. ಕೈಗೆತ್ತಿಕೊಂಡರೆ ಒಳ್ಳೆ ತೂಕ. ಆದರೆ ಬದಿಯ ಕಪ್ಪು ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಒಡೆದ ಗುಳ್ಳೆಯ ಕೆಳಗೆ ಬಿಳಿ ಪುಡಿ. ಬೆಲ್ಟ್ ಕೂರುವ ಸಂದಿಯಲ್ಲಿ ತಿಳಿನೀಲಿ ಕಲೆ. ಅಡಿಕೆಗೆ ಹೊಡೆಯುವ ಮೈಲುತುತ್ತದ, ಅಂದರೆ ತಾಮ್ರದ ಉಪ್ಪಿನ, ಆ ನೀಲಿ ನೋಡಿದ ಮೇಲೆ ಮಲೆನಾಡಿನವನಿಗೆ ಬೇರೆ ಸಾಕ್ಷಿ ಬೇಕಾ?

‘ಔಷಧಿ ಹೊಡೆಸುವಾಗ ಕಟ್ಟಿಕೊಂಡಿದ್ರಾ ಹೆಗ್ಡೇರೆ?’

‘ಹೌದು ಮಾರಾಯ. ಉದ್ದನೆ ದೋಟಿ ಹಿಡಿದು ಮರಕ್ಕೆ ಹೊಡೆಯೋನ ಹತ್ರ ನಿಲ್ಲಬೇಕಲ್ಲ. ಮೇಲಿಂದ ಹನಿ ಬೀಳ್ತಾನೇ ಇರುತ್ತೆ.’

‘ಮೈಲುತುತ್ತ ಕಲಸೋದು ಯಾವುದರಲ್ಲಿ?’

‘ಪ್ಲಾಸ್ಟಿಕ್ ಡ್ರಮ್ಮಲ್ಲಿ.’

‘ತಗಡಿನ ಡ್ರಮ್ಮಲ್ಲಿ ಯಾಕೆ ಕಲಸಲ್ಲ?’

‘ಎಂತಾ ಕೇಳ್ತೀಯ? ತಗಡು ತಿಂದು ಹಾಕಲ್ವಾ ಅದು?’ ಅಂದವರು ಅರ್ಧಕ್ಕೆ ನಿಲ್ಲಿಸಿ ವಾಚನ್ನೇ ನೋಡಿದರು.

ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಲೆಕ್ಕ ತೋಟದವರಿಗೆ ನಾನು ಹೇಳಬೇಕಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಕಾಗಿದೆಯಾ ಅಂತ ನೋಡಲು ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಕತ್ತಿಯ ಕಬ್ಬಿಣಕ್ಕೆ ಆಗುವುದೇ ಸತುವಿಗೂ ಆಗುತ್ತದೆ, ಇನ್ನೂ ಬೇಗ ಆಗುತ್ತದೆ. ಕಡಿಮೆ ಬೆಲೆಯ ವಾಚಿನಲ್ಲಿ ‘ಮೆಟಲ್’ ಅಂತ ಕರೆಯುವುದು ಬಹುಪಾಲು ಈ ಸತುವಿನ ಮಿಶ್ರಲೋಹವನ್ನೇ. ಕಾಯಿಸಿ ಅಚ್ಚಿಗೆ ಒತ್ತಿ, ಮೇಲೊಂದು ಬಣ್ಣವೋ ಗಿಲೀಟೋ ಕೊಡುತ್ತಾರೆ. ಬಣ್ಣ ಇರುವ ತನಕ ತಂಟೆ ಇಲ್ಲ. ಕತ್ತಿ ಹಿಡಿದೋ ಬಾವಿ ಹಗ್ಗ ಎಳೆದೋ ಒಂದು ಕಡೆ ಗೀರು ಬಿತ್ತು ಅಂದರೆ ಬೆವರು, ಮಳೆ, ಮೈಲುತುತ್ತ ಎಲ್ಲಕ್ಕೂ ಬಾಗಿಲು ತೆಗೆದ ಹಾಗೆ. ಪ್ಲಾಸ್ಟಿಕ್ಕಿಗೆ ಈ ಕಾಟವಿಲ್ಲ. ಅದಕ್ಕೇ ಅಲ್ವಾ ನೀವು ಅದರಲ್ಲಿ ಕಲಸೋದು?

ಬಣ್ಣ ಹೋದದ್ದು ನೋಟದ ಮಾತಾಯಿತು. ಹೆಗ್ಡೆಯವರ ವಾಚು ನಿಂತದ್ದು ಅದರಿಂದಲ್ಲ. ನಿಂತದ್ದು ನೀರಿನಿಂದ. ನನಗೆ ತಲೆಬಿಸಿ ತರುವ ಮಾತೂ ಇದೇ. ಆದ್ದರಿಂದ ಸ್ವಲ್ಪ ಎಳೆದು ಹೇಳುತ್ತೇನೆ.

ನೀರು ಲೋಹವನ್ನು ತೂತು ಮಾಡಿಕೊಂಡು ಒಳಗೆ ಹೋಗುವುದಿಲ್ಲ. ಪ್ಲಾಸ್ಟಿಕ್ಕನ್ನೂ ತೂತು ಮಾಡುವುದಿಲ್ಲ. ಬಾಡಿ ಯಾವುದೇ ಇರಲಿ, ನೀರು ಹೋಗುವುದು ಜೋಡಣೆಯ ಸಂದಿಯಿಂದ. ಮೊದಲನೆಯ ಸಂದಿ ಗಾಜಿನ ಸುತ್ತ. ಅಲ್ಲಿ ಸ್ಕ್ರೂ ಇಲ್ಲ, ಕೂದಲೆಳೆಯಷ್ಟು ಅಂಟು ಮಾತ್ರ ಇರುತ್ತದೆ. ಎರಡನೆಯದು ಬಟನ್ ಹಾದುಹೋಗುವ ತೂತು. ಅದರೊಳಗೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ರಬ್ಬರ್ ಬಳೆ ಇರುತ್ತದೆ. ಮೂರನೆಯದು ಬೆನ್ನಿನ ಮುಚ್ಚಳ. ಫೋನಿನಲ್ಲಿ ಮಾತಾಡುವ ವಾಚಾದರೆ ಸ್ಪೀಕರಿಗೆ, ಮೈಕಿಗೆ ಬೇಕಂತಲೇ ಕೊರೆದ ತೂತುಗಳು ಬೇರೆ. ಚಿನ್ನದಲ್ಲಿ ಎರಕ ಹೊಯ್ದರೂ ಮೈಕಿಗೆ ತೂತು ಬೇಕೇ ಬೇಕು. ಈ ಅಂಟು, ಈ ಬಳೆ, ಆ ತೂತಿಗೆ ಹಾಕಿದ ಜಾಳಿಗೆ ಎಷ್ಟು ಗಟ್ಟಿಯೋ ವಾಚು ಅಷ್ಟೇ ಗಟ್ಟಿ. ಹೊರಗಿನ ಬಾಡಿ ಕಬ್ಬಿಣದ ಪೆಟ್ಟಿಗೆಯಾದರೂ ಮುಚ್ಚಳ ಸರಿಯಾಗಿ ಕೂರದಿದ್ದರೆ ಒಳಗಿನ ಅವಲಕ್ಕಿ ಮೆತ್ತಗಾಗುವುದಿಲ್ಲವೇ?

‘ಐಪಿ 68 ಅಂತ ಬರೆದಿದೆ’ ಅಂತ ಡಬ್ಬ ತೋರಿಸುತ್ತಾರೆ. ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಅಂಕಿ ಅದು. 67 ಅಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. 68 ಅಂದರೆ ಅದಕ್ಕಿಂತ ಕಠಿಣ, ಎಷ್ಟು ಆಳ ಎಷ್ಟು ಹೊತ್ತು ಅಂತ ಕಂಪನಿಯೇ ಹೇಳಬೇಕು. ಆ ಪರೀಕ್ಷೆ ಹೊಸ ವಾಚಿಗೆ, ನಿಂತ ಬರೀ ನೀರಿನಲ್ಲಿ. ನಮ್ಮ ಬಚ್ಚಲುಮನೆಯಲ್ಲಿ ಅಲ್ಲ.

ಬಚ್ಚಲುಮನೆ ಅಂದೆನಲ್ಲ, ಮಳೆಗಿಂತ ದೊಡ್ಡ ಕಳ್ಳ ಅದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ ನಿಜ. ಆದರೆ ಮಳೆ ನೀರು ತಣ್ಣಗಿರುತ್ತದೆ, ವಾಚಿನ ಮೇಲೆ ಬಿದ್ದು ಜಾರಿ ಹೋಗುತ್ತದೆ. ಹಂಡೆ ನೀರಿನ ಕಥೆ ಬೇರೆ. ಬಿಸಿಗೆ ವಾಚಿನ ಒಳಗಿನ ಗಾಳಿ ಹಿಗ್ಗುತ್ತದೆ, ಅಂಟೂ ಸ್ವಲ್ಪ ಸಡಿಲುತ್ತದೆ. ಮಿಂದು ಹೊರಗೆ ಬಂದಾಗ ತಣ್ಣನೆ ಗಾಳಿ. ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಸಂದಿಯಲ್ಲಿ ಇರುವುದು ಸೋಪಿನ ನೀರು, ಹಬೆ. ನಾವು ಗಾಜು ಬಿಚ್ಚುವುದೂ ಹೀಗೇ ಮಾರಾಯ್ರೆ. ಬಿಸಿ ತಟ್ಟೆಯ ಮೇಲಿಟ್ಟು ಅಂಟು ಮೆತ್ತಗೆ ಮಾಡಿ, ತೆಳ್ಳನೆ ಪ್ಲಾಸ್ಟಿಕ್ ಬಿಲ್ಲೆ ತೂರಿಸಿ ಎತ್ತುತ್ತೇವೆ. ಅದೇ ಕೆಲಸವನ್ನು ನೀವು ದಿನಾ ಸ್ವಲ್ಪ ಸ್ವಲ್ಪವೇ ಮಾಡುತ್ತಿದ್ದೀರಿ. ಲೋಹಕ್ಕೆ ಬಿಸಿ ಬೇಗ ಹರಿಯುವುದರಿಂದ ಬಚ್ಚಲಲ್ಲಿ ಮೆಟಲ್ ಬಾಡಿಯಿಂದ ಲಾಭವಂತೂ ಇಲ್ಲ.

ನೀರು ಹೋದ ವಾಚನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಮೂರು ದಿನ ಬಿಟ್ಟು ತರಬೇಡಿ. ಅಷ್ಟರಲ್ಲಿ ಒಳಗಿನ ಬೋರ್ಡಿನ ಮೇಲೆ ಹಸಿರು ಕಿಲುಬು ಕೂತಿರುತ್ತದೆ. ಆಫ್ ಮಾಡಿ, ಚಾರ್ಜಿಗೆ ಹಾಕದೆ ಅವತ್ತೇ ತನ್ನಿ.

ಇನ್ನೊಂದು ತಮಾಷೆ ಇದೆ. ಮೆಟಲ್ ಅಂತ ಕೊಂಡ ವಾಚನ್ನು ಮಗುಚಿ ನೋಡಿ. ಬೆನ್ನು ಬಹಳಷ್ಟು ಸಲ ಪ್ಲಾಸ್ಟಿಕ್ಕೇ. ಇದು ಕಂಪನಿಯ ಮೋಸ ಅಲ್ಲ. ಬ್ಲೂಟೂತಿನ ಅಲೆ ಸುತ್ತ ಲೋಹ ಇದ್ದರೆ ಹೊರಗೆ ಬರಲಾರದು, ಎಲ್ಲೋ ಒಂದು ಕಡೆ ಕಿಟಕಿ ಬಿಡಬೇಕು. ನಾಡಿ ನೋಡುವ ಹಸಿರು ಬೆಳಕಿಗೂ ಪಾರದರ್ಶಕ ಜಾಗ ಬೇಕು. ಹೀಗಾಗಿ ನೀವು ಕೊಟ್ಟ ನಾನ್ನೂರು ರೂಪಾಯಿ ಹೋಗಿದ್ದು ಸುತ್ತಲಿನ ಒಂದು ಬಳೆಗೆ. ಒಬ್ಬ ಹುಡುಗ ಅಯಸ್ಕಾಂತ ತಂದು ‘ಅಂಟಲ್ಲ ನೋಡಿ ಸಾರ್, ಡೂಪ್ಲಿಕೇಟ್’ ಅಂತ ಜಗಳಕ್ಕೆ ನಿಂತಿದ್ದ. ಸತುವಿಗೂ ಅಂಟಲ್ಲ, ಅಲ್ಯೂಮಿನಿಯಮ್ಮಿಗೂ ಅಂಟಲ್ಲ ಕಣಪ್ಪ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಪ್ಲಾಸ್ಟಿಕ್ಕಿನ ಏಜೆಂಟ್ ಅಂದುಕೊಳ್ಳಬೇಡಿ. ಅದರಲ್ಲೂ ಜಾತಿ ಇದೆ. ಪಾಲಿಕಾರ್ಬೊನೇಟ್ ಗಟ್ಟಿ, ಬಗ್ಗುತ್ತದೆ, ಬೇಗ ಒಡೆಯುವುದಿಲ್ಲ. ನಾರು ಬೆರೆಸಿದ್ದು ಇನ್ನೂ ಗಟ್ಟಿ. ಗಾರ್ಮಿನ್‌ನ ಇನ್‌ಸ್ಟಿಂಕ್ಟ್ ಥರದ ದುಬಾರಿ ವಾಚಿನ ಬಾಡಿಯೂ ಅದೇ. ತೋಟದಲ್ಲಿ ಎತ್ತುವ ಕಾರ್ಬನ್ ಫೈಬರ್ ದೋಟಿಯೂ ಅದೇ ವಂಶದ್ದು. ಮೇಲೆ ಬೆಳ್ಳಿ ಬಣ್ಣ ಬಳಿದು ಲೋಹದ ವೇಷ ಹಾಕಿಸಿದ ಪ್ಲಾಸ್ಟಿಕ್ ಮಾತ್ರ ಬೇಡವೇ ಬೇಡ. ಬಣ್ಣ ಸಿಪ್ಪೆ ಎದ್ದು ಮಣಿಕಟ್ಟು ಗೀರುತ್ತದೆ. ಬೆಲ್ಟ್ ಕೂರುವ ಕಿವಿ ಪ್ಲಾಸ್ಟಿಕ್ಕಿನಲ್ಲಿ ಮುರಿದರೆ ನನ್ನ ಕೈಲೂ ಏನೂ ಆಗುವುದಿಲ್ಲ. ಅಂಟು ಹಾಕಿ ಕೊಡಿ ಅಂತಾರೆ. ಹಾಕಿ ಕೊಡುತ್ತೇನೆ, ಗ್ಯಾರಂಟಿ ಕೊಡಲ್ಲ.

ಪ್ಲಾಸ್ಟಿಕ್ಕಿಗೂ ಒಬ್ಬ ಶತ್ರು ಇದ್ದಾನೆ, ಅದು ನಮ್ಮ ಕಡೆಯವರಿಗೆ ಗೊತ್ತಿರಬೇಕು. ಸೊಳ್ಳೆ, ಉಣುಗು ಓಡಿಸುವ ಮುಲಾಮುಗಳಲ್ಲಿ ಡೀಟ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಮಂಕಾಗಿಸುತ್ತದೆ. ಹಾಗಂತ ವಾಚು ಹಾಳಾಗುತ್ತೆ ಅಂತ ಕಾಡಿಗೆ ಹೋಗುವಾಗ ಬಳಿಯದೇ ಇರಬೇಡಿ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಮುಲಾಮು ಬಳಿಯಿರಿ, ವಾಚು ಮನೆಯಲ್ಲಿಡಿ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಅಂಗಡಿಗೆ ಬರುವುದು ಕೆಟ್ಟವು ಮಾತ್ರ. ಕೆಡದ ಮೆಟಲ್ ವಾಚುಗಳು ಎಷ್ಟೋ ಕೈಗಳಲ್ಲಿ ಸುಖವಾಗಿರಬಹುದು. ಆಫೀಸಿಗೆ ಕಟ್ಟಿಕೊಂಡು ಹೋಗಿ ಬರುವವರಿಗೆ, ಹಾಳೆಗಿಂತ ಗಟ್ಟಿ ವಸ್ತು ಮುಟ್ಟದವರಿಗೆ, ಬಣ್ಣದ ಸತುವೂ ಬಾಳಿಕೆ ಬರುತ್ತದೆ. ಒಳ್ಳೆಯ ಸ್ಟೀಲಿನ ಮಾತೂ ಬೇರೆ, ಆದರೆ ಅದು ಎರಡು ಸಾವಿರಕ್ಕೆ ಸಿಗುವ ಮಾತಲ್ಲ. ಆ ಬೆಲೆಯಲ್ಲಿ ತೋಟ, ಗದ್ದೆ, ಕೊಟ್ಟಿಗೆ ಅಂತ ಓಡಾಡುವವರು ಕೇಳಿದರೆ ನಾನು ಹೇಳುವುದು ಪ್ಲಾಸ್ಟಿಕ್ಕೇ. ಉಳಿದ ದುಡ್ಡಿಗೆ ಇನ್ನೊಂದು ಬೆಲ್ಟ್ ಬರುತ್ತದೆ.

ನಮ್ಮಪ್ಪನಿಗೆ ಇದನ್ನು ಒಪ್ಪಿಸಲು ಆಗಿರಲಿಲ್ಲ. ಎಚ್‌ಎಂಟಿ ಕಾಲದ ಮನುಷ್ಯ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ ಕಂಪನಿಯ ಜನತಾ, ಪೈಲಟ್ ವಾಚುಗಳನ್ನು ಬಿಚ್ಚಿ ಕಟ್ಟಿಯೇ ನಮ್ಮನ್ನು ಸಾಕಿದರು. ಪ್ಲಾಸ್ಟಿಕ್ ವಾಚು ಅಂದರೆ ಜಾತ್ರೆಯಲ್ಲಿ ಕೊಳ್ಳುವ ಆಟಿಕೆ ಅವರಿಗೆ. 1983ರಲ್ಲೇ ಸ್ವಿಟ್ಜರ್‌ಲೆಂಡಿನವರು ಸ್ವಾಚ್ ಅಂತ, ಜಪಾನಿನವರು ಜಿ-ಶಾಕ್ ಅಂತ ಪ್ಲಾಸ್ಟಿಕ್ ವಾಚು ಮಾಡಿದರು, ಜಿ-ಶಾಕನ್ನು ಬೀಳಲಿ ಅಂತಲೇ ಮಾಡಿದ್ದು ಅಂತ ಹೇಳಿದರೆ ‘ಬೀಳಿಸೋದ್ಯಾಕೆ ವಾಚು?’ ಅಂತ ನನ್ನನ್ನೇ ಕೇಳಿದರು.

ಹೆಗ್ಡೆಯವರ ವಾಚಿನ ಬೋರ್ಡ್ ಉಳಿಯಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಕೈಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಹೊಸ ವಾಚು. ‘ನೀನು ಹೇಳಿದ್ದೇ ತಗೊಂಡೆ’ ಅಂದರು. ನನಗೆ ಖುಷಿ. ಆಮೇಲೆ ಜೇಬಿನಿಂದ ಇನ್ನೊಂದು ಪೊಟ್ಟಣ ತೆಗೆದರು. ಅವರ ಅಪ್ಪನ ಗಿಲೀಟಿನ ಎಚ್‌ಎಂಟಿ.

‘ಇದಕ್ಕೆ ಕೀಲಿ ಕೊಟ್ಟರೆ ಇನ್ನೂ ಓಡ್ತದೆ. ಎರಡನೇ ಸಲ ಔಷಧಿ ಹೊಡೆಸುವಾಗ ಇದನ್ನ ಕಟ್ಟಿಕೊಳ್ತೇನೆ. ಹೊಸದು ಹಾಳಾಗೋದು ಬೇಡ, ಅಲ್ವಾ?’